ಕುಲುಕಾಟ, ಜಾರಾಟ, ಪಂಚರ್: ಚಿಕ್ಕಮಗಳೂರು ಸೀಮೆಯಲ್ಲಿ ರೋಡ್ ಸೈಕಲ್ ಟೈರಿನ ದೋಷ ಹುಡುಕುವ ಬಗೆ

ಚಿಕ್ಕಮಗಳೂರಿನಿಂದ ಸಖರಾಯಪಟ್ಟಣ, ಕಡೂರಿನ ಕಡೆ ಹೊರಟರೆ ಬಯಲು, ಬಿಸಿಲು, ಜಾಲಿ ಮುಳ್ಳು. ಆಲ್ದೂರು, ಬಾಳೆಹೊನ್ನೂರಿನ ಕಡೆ ಹೊರಟರೆ ತೋಟದ ನೆರಳು, ಪಾಚಿ, ಅಂಚು ಕಿತ್ತ ಡಾಂಬರು. ಮುಳ್ಳಯ್ಯನಗಿರಿ ದಾರಿಯ ಕೈಮರ ದಾಟಿದರೆ ಬರೀ ಏರು, ವಾಪಸು ಬರುವಾಗ ಬರೀ ಬ್ರೇಕು. ಒಂದೇ ಜೊತೆ ಟೈರು ಈ ಮೂರೂ ಕಡೆ ದುಡಿಯಬೇಕಾದ್ದರಿಂದ ಇಲ್ಲಿನ ಸವಾರರ ದೂರುಗಳೂ ಕಲಸುಮೇಲೋಗರ: ಕೈ ಜೋಮು ಹಿಡಿಯುತ್ತದೆ, ತಿರುವಿನಲ್ಲಿ ಜಾರುತ್ತದೆ, ಎಷ್ಟು ತುಳಿದರೂ ಓಡುವುದಿಲ್ಲ, ವಾರಕ್ಕೊಂದು ಪಂಚರ್.

ಇವುಗಳಲ್ಲಿ ಬಹುಪಾಲು ಟೈರಿನ ಕಂಪನಿ ಬದಲಿಸಿದರೆ ಹೋಗುವ ತೊಂದರೆಗಳಲ್ಲ. ಹೊಸ ಟೈರಿಗೆ ದುಡ್ಡು ಸುರಿಯುವ ಮೊದಲು ಈ ಕ್ರಮದಲ್ಲಿ ನೋಡಿ: ಮೊದಲು ಗಾಳಿ, ಆಮೇಲೆ ಟೈರ್ ಕೂತಿರುವ ರೀತಿ, ಆಮೇಲೆ ಸವೆತ, ಆಮೇಲೆ ಅಗಲ, ಕೊನೆಗೆ ಮಾಡೆಲ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಗಾಳಿಯನ್ನೂ ಟೈರನ್ನೂ ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತು ಅನ್ನುವುದು ಗೊತ್ತಾಗುವುದೇ ಇಲ್ಲ.

ಮೊದಲು ಅಳತೆ

ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ಅಂಕಿ ಓದಿ. 28-622 ಎಂದಿದ್ದರೆ ಮೊದಲನೆಯದು ಅಗಲ, ಎರಡನೆಯದು ಟೈರ್ ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 700×28ಸಿ ಎನ್ನುವುದೂ ಇದನ್ನೇ. ಅಂಗಡಿಯಲ್ಲಿ ಬರೀ "28ರ ಟೈರ್" ಎಂದು ಕೇಳಿದರೆ ಹಾಲಿನವರು ಓಡಿಸುತ್ತಿದ್ದ ಹಳೇ ಕಪ್ಪು ಸೈಕಲ್ಲಿನ 28×1½ ಟೈರ್ ಕೈಗೆ ಬರುವ ಸಂಭವವಿದೆ. ಅದರ ವ್ಯಾಸ 635. 622ರ ರಿಮ್ಮಿಗೆ ಅದು ಸಡಿಲ, ಗಾಳಿ ತುಂಬಿದರೆ ಕಳಚಿ ಬರುತ್ತದೆ. 622 ಎಂಬ ಅಂಕಿಯನ್ನೇ ಬಾಯಿಬಿಟ್ಟು ಹೇಳಿ.

ಅಚ್ಚಾದ ಅಗಲವೂ ನಿಜವಾದ ಅಗಲವೂ ಒಂದೇ ಇರಬೇಕೆಂದಿಲ್ಲ. ರಿಮ್ಮಿನ ಒಳ ಅಗಲ ಹೆಚ್ಚಿದಷ್ಟೂ ಟೈರ್ ಹರಡಿಕೊಳ್ಳುತ್ತದೆ. ಒಳ ಅಗಲ 15 ಮಿ.ಮೀ. ಇರುವ ಹಳೆಯ ರಿಮ್ಮಿನಲ್ಲಿ 28ರ ಟೈರ್ 27ರ ಆಸುಪಾಸಿನಲ್ಲಿ ನಿಲ್ಲಬಹುದು, 21 ಮಿ.ಮೀ. ರಿಮ್ಮಿನಲ್ಲಿ ಅದೇ ಟೈರ್ 29 ದಾಟಬಹುದು. ಟೈರ್ ಹಾಕಿ, ಗಾಳಿ ತುಂಬಿ, ಒಂದು ದಿನ ಬಿಟ್ಟು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. ಕೆಳಗೆ ಕೊಟ್ಟ ಗಾಳಿಯ ಲೆಕ್ಕವೆಲ್ಲ ಈ ಅಳೆದ ಅಗಲಕ್ಕೆ.

ಫ್ರೇಮ್, ಫೋರ್ಕ್, ಬ್ರೇಕುಗಳ ಒಳಗೆ ಟೈರಿನ ಸುತ್ತ ಎಷ್ಟು ಜಾಗವಿದೆ ನೋಡಿ. 4 ಮಿ.ಮೀ. ಅಲೆನ್ ಕೀ ಎರಡೂ ಪಕ್ಕ ಮತ್ತು ಮೇಲ್ಗಡೆ ತಾಗದೆ ತೂರಬೇಕು. ಮಳೆಗಾಲದಲ್ಲಿ ತೋಟದ ಟ್ರ್ಯಾಕ್ಟರ್ ರಸ್ತೆಗೆ ತಂದು ಹಾಕುವ ಕೆಮ್ಮಣ್ಣು ಟೈರಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆ ಜಾಗವಿದ್ದರೆ ಆ ಮಣ್ಣು ಮತ್ತು ಸಣ್ಣ ಜಲ್ಲಿ ಸೇರಿ ಹಿಂದಿನ ಗಾಲಿಯ ಪಕ್ಕದ ಚೈನ್‌ಸ್ಟೇ ಕೊಳವೆಯ ಬಣ್ಣವನ್ನು ಮರಳು ಕಾಗದದಂತೆ ಉಜ್ಜುತ್ತವೆ. ರಿಮ್ ಬ್ರೇಕಿನ ರೋಡ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 28ಕ್ಕೆ ಜಾಗ ಮುಗಿಯುತ್ತದೆ, ಕೆಲವು ಹಳೆಯವುಗಳಲ್ಲಿ 25ಕ್ಕೇ. ಡಿಸ್ಕ್ ಬ್ರೇಕಿನ ಈಚಿನ ಫ್ರೇಮುಗಳಲ್ಲಿ ಹಲವು 32 ಹಿಡಿಸುತ್ತವೆ.

ಗೇಜಿರುವ ಫ್ಲೋರ್ ಪಂಪ್ ಒಂದು ಮನೆಯಲ್ಲಿರಲಿ. ಗೇಜು ತೋರಿಸುವುದು ಪಿಎಸ್‌ಐ ಲೆಕ್ಕದಲ್ಲಿ, ಅದು ಗಾಳಿಯ ಒತ್ತಡದ ಅಳತೆ. ಅಗ್ಗದ ಗೇಜು 5 ಪಿಎಸ್‌ಐ ಆಚೀಚೆ ತೋರಿಸಬಹುದು. ಅದು ದೊಡ್ಡ ತೊಂದರೆಯಲ್ಲ, ಪ್ರತಿ ಸಲ ಅದೇ ಪಂಪ್ ಬಳಸಿದರೆ ತಪ್ಪೂ ಅಷ್ಟೇ ಇರುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನು ಮಾತ್ರ ನಂಬಬೇಡಿ. 60 ದಾಟಿದ ಮೇಲೆ ಬೆರಳಿಗೆ 70 ಯಾವುದು, 100 ಯಾವುದು ತಿಳಿಯುವುದಿಲ್ಲ.

ಗಾಳಿ ಎಷ್ಟು

ಟೈರಿನ ಮೇಲೆ ಬರೆದ 110, 120 ಪಿಎಸ್‌ಐ ಎನ್ನುವುದು ದಾಟಬಾರದ ಗಡಿ. ಅದು ಸಲಹೆಯಲ್ಲ. ನಮ್ಮ ಸೀಮೆಯ ದೂರುಗಳಲ್ಲಿ ಅರ್ಧಕ್ಕೂ ಹೆಚ್ಚಿಗೆ ಮೂಲ ಈ ಒಂದು ಅಂಕಿಯನ್ನು ತಪ್ಪಾಗಿ ಓದಿರುವುದು ಎಂದೇ ನಮ್ಮ ಅಭಿಪ್ರಾಯ.

ಸವಾರ, ಸೈಕಲ್, ನೀರಿನ ಬಾಟಲಿ, ಚೀಲ ಎಲ್ಲ ಸೇರಿ 85 ಕೆ.ಜಿ. ಎಂದಿಟ್ಟುಕೊಂಡು, ಟ್ಯೂಬ್ ಇರುವ ಟೈರಿಗೆ ಇಲ್ಲಿಂದ ಶುರುಮಾಡಿ:

25 ಮಿ.ಮೀ.: ಮುಂದೆ 80, ಹಿಂದೆ 85 ಪಿಎಸ್‌ಐ
28 ಮಿ.ಮೀ.: ಮುಂದೆ 65, ಹಿಂದೆ 70
30 ಮಿ.ಮೀ.: ಮುಂದೆ 58, ಹಿಂದೆ 63
32 ಮಿ.ಮೀ.: ಮುಂದೆ 52, ಹಿಂದೆ 56

ಒಟ್ಟು ತೂಕದಲ್ಲಿ ಪ್ರತಿ 10 ಕೆ.ಜಿ. ವ್ಯತ್ಯಾಸಕ್ಕೆ ಸುಮಾರು 5 ಪಿಎಸ್‌ಐ ಏರಿಸಿ ಅಥವಾ ಇಳಿಸಿ. ಹಿಂದಿನ ಗಾಲಿಗೆ ಹೆಚ್ಚು ಭಾರ ಬೀಳುವುದರಿಂದ ಹಿಂದೆ ಯಾವತ್ತೂ ತುಸು ಹೆಚ್ಚಿರಬೇಕು. ಎರಡಕ್ಕೂ ಒಂದೇ ಗಾಳಿ ಹೊಡೆಯುವುದು ತಪ್ಪು ಅಭ್ಯಾಸ. ಟ್ಯೂಬ್‌ಲೆಸ್ ಆದರೆ ಇನ್ನೂ 5 ಇಳಿಸಬಹುದು.

ರಿಮ್ ಹುಕ್‌ಲೆಸ್ ಜಾತಿಯದಾಗಿದ್ದರೆ, ಅಂದರೆ ಟೈರನ್ನು ಹಿಡಿಯುವ ಕೊಕ್ಕೆಯಂಥ ಅಂಚು ಒಳಗಡೆ ಇಲ್ಲದ್ದಾದರೆ, ಲೆಕ್ಕ ಬೇರೆ. ಅದಕ್ಕೆ 5 ಬಾರ್, ಅಂದರೆ 72.5 ಪಿಎಸ್‌ಐ, ಮೇಲ್ಮಿತಿ. ಟ್ಯೂಬ್‌ಲೆಸ್‌ಗೆಂದೇ ಮಾಡಿದ, ರಿಮ್ ತಯಾರಕರ ಪಟ್ಟಿಯಲ್ಲಿರುವ ಟೈರ್ ಮಾತ್ರ ಹಾಕಬೇಕು. ಇಲ್ಲಿ ಅಂದಾಜು ನಡೆಯುವುದಿಲ್ಲ: ಮಿತಿ ಮೀರಿದರೆ ಓಡುತ್ತಿರುವಾಗಲೇ ಟೈರ್ ಕಳಚಬಹುದು.

ಬೆಟ್ಟ ಹತ್ತಿದರೆ ಗಾಳಿ ಏರುತ್ತದೆಯೇ ಎಂದು ಕೇಳುವವರಿದ್ದಾರೆ. ಸುಮಾರು 1,090 ಮೀಟರ್ ಎತ್ತರದ ಊರಿನಿಂದ 1,930 ಮೀಟರಿನ ಮುಳ್ಳಯ್ಯನಗಿರಿ ತುದಿಗೆ ಹೋದರೂ ಗೇಜಿನಲ್ಲಿ ಏರುವುದು ಒಂದು ಪಿಎಸ್‌ಐ ಚಿಲ್ಲರೆ, ಮರೆತುಬಿಡಬಹುದು. ತಾಪಮಾನ ಹಾಗಲ್ಲ. 15 ಡಿಗ್ರಿಯ ಮುಂಜಾನೆಯಲ್ಲಿ 70 ತುಂಬಿದ ಟೈರ್ 35 ಡಿಗ್ರಿಗೆ ಕಾದಾಗ 75 ದಾಟುತ್ತದೆ. ಜನವರಿಯಲ್ಲಿ ಮಂಜಿನಲ್ಲಿ ಹೊರಟು ಮಧ್ಯಾಹ್ನ ಕಡೂರಿನ ಬಿಸಿಲಲ್ಲಿ ವಾಪಸಾಗುವವರು ಬೆಳಿಗ್ಗೆ ಎರಡು ಮೂರು ಪಿಎಸ್‌ಐ ಕಡಿಮೆಯೇ ಇಡಲಿ.

ಪೆಟ್ರೋಲ್ ಬಂಕಿನ ಗಾಳಿಯ ಬಗ್ಗೆ ಒಂದು ಎಚ್ಚರಿಕೆ. 25ರ ಟೈರಿನೊಳಗೆ ಹಿಡಿಸುವ ಜಾಗ ಸುಮಾರು ಒಂದು ಲೀಟರ್ ಅಷ್ಟೆ. ಕಾರು, ಲಾರಿಗೆ ಗಾಳಿ ಹೊಡೆಯುವ ಕಂಪ್ರೆಸರ್ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿ ಸಿಡಿಸಬಲ್ಲದು. ಅಲ್ಲಿನ ಮೂತಿ ರೋಡ್ ಸೈಕಲ್ಲಿನ ತೆಳು ಪ್ರೆಸ್ಟಾ ವಾಲ್ವಿಗೆ ಕೂರುವುದೂ ಇಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಸೀಟಿನ ಚೀಲದಲ್ಲಿಡಿ, ತೀರಾ ಅನಿವಾರ್ಯವಾದಾಗ ಮಾತ್ರ ಬಳಸಿ, ಮೂತಿಯನ್ನು ನೀವೇ ಹಿಡಿದು ತುಸು ತುಸುವೇ ಬಿಡಿ.

ದೂರು: ಕೈ ಜೋಮು, ಸೊಂಟಕ್ಕೆ ಪೆಟ್ಟು

ಗಾಳಿ ಮೇಲಿನ ಪಟ್ಟಿಗಿಂತ ಹೆಚ್ಚಿದ್ದರೆ ಮೊದಲು ಅಲ್ಲಿಗೆ ಇಳಿಸಿ, ನಿಮಗೆ ಚೆನ್ನಾಗಿ ಗೊತ್ತಿರುವ ಕೆಟ್ಟ ರಸ್ತೆಯ ಎರಡು ಕಿಲೋಮೀಟರ್ ಓಡಿಸಿ. ಆಮೇಲೆ 5 ಪಿಎಸ್‌ಐ ಇಳಿಸಿ ಅದೇ ಜಾಗದಲ್ಲಿ ಇನ್ನೊಮ್ಮೆ. ಹೀಗೆ ಇಳಿಸುತ್ತ ಹೋದರೆ ಒಂದು ಹಂತದಲ್ಲಿ ಕೆಟ್ಟ ಲಕ್ಷಣಗಳು ಕಾಣುತ್ತವೆ: ಎದ್ದು ನಿಂತು ತುಳಿದಾಗ ಹಿಂಭಾಗ ಬಳುಕಿದಂತೆ, ತಿರುವಿನಲ್ಲಿ ಮುಂದಿನ ಗಾಲಿ ಅರ್ಧ ಕ್ಷಣ ತಡವಾಗಿ ಮಾತು ಕೇಳಿದಂತೆ, ಗುಂಡಿಯಲ್ಲಿ ರಿಮ್ "ಟಕ್" ಎಂದಂತೆ. ಆಗ 5 ಏರಿಸಿ. ಅದೇ ನಿಮ್ಮ ಅಂಕಿ, ಬರೆದಿಟ್ಟುಕೊಳ್ಳಿ.

ಆ ಅಂಕಿಯಲ್ಲೂ ಮೈ ಕುಲುಕಿದರೆ ಜಾಗವಿದ್ದಷ್ಟು ಅಗಲಕ್ಕೆ ಹೋಗುವುದು ಮುಂದಿನ ಮದ್ದು. 25ರಿಂದ 28ಕ್ಕೆ ಹೋದರೆ ಒಳಗಿನ ಗಾಳಿಯ ಪ್ರಮಾಣ ಕಾಲು ಭಾಗದಷ್ಟು ಹೆಚ್ಚುತ್ತದೆ, ಮೂರು ಮಿಲಿಮೀಟರಿಗೆ ಇದು ದೊಡ್ಡ ಲಾಭ. ಹಿಂದಿನ ಗಾಲಿಗೆ ಜಾಗ ಸಾಲದೆ ಮುಂದೆ ಮಾತ್ರ 28 ಹಿಡಿಸುವುದಾದರೆ ಮುಂದೊಂದೇ ಹಾಕಿ. ಕೈ ಜೋಮಿಗೆ ಅದರಿಂದಲೇ ಗುಣ ಕಾಣುತ್ತದೆ.

ಅಗಲ ಸರಿ, ಗಾಳಿ ಸರಿ, ಆದರೂ ಕಲ್ಲಿನ ಮೇಲೆ ಕೂತಂತಿದ್ದರೆ ಟೈರಿನ ಬಟ್ಟೆ, ಅಂದರೆ ಕೇಸಿಂಗ್, ಬಿರುಸು. ಗಾಳಿ ತೆಗೆದು ಟೈರಿನ ಮಗ್ಗುಲನ್ನು ಎರಡು ಬೆರಳ ನಡುವೆ ಹಿಚುಕಿ. ತೆಳು ಬಟ್ಟೆಯಂತೆ ಮಡಚಿದರೆ ಒಳ್ಳೆಯದು. ಚಪ್ಪಲಿಯ ಅಟ್ಟೆಯಂತೆ ಬಗ್ಗದೆ ನಿಂತರೆ ಎಷ್ಟು ಗಾಳಿ ಇಳಿಸಿದರೂ ಅದು ಮೆತ್ತಗಾಗುವುದಿಲ್ಲ. ಸೈಕಲ್ಲಿನ ಜೊತೆಗೇ ಬರುವ ತಂತಿ ಬೀಡಿನ (ರಿಮ್ಮಿಗೆ ಕಚ್ಚಿ ಕೂರುವ ಅಂಚಿನ) ಅಗ್ಗದ ಟೈರುಗಳು ಹೆಚ್ಚಾಗಿ ಈ ಗುಂಪಿನವು. ಟಿಪಿಐ, ಅಂದರೆ ಒಂದು ಇಂಚಿನಲ್ಲಿರುವ ಎಳೆಗಳ ಅಂಕಿ, ಹೆಚ್ಚಿದ್ದರೆ ಬಟ್ಟೆ ನಯ ಎನ್ನುವುದು ಸ್ಥೂಲವಾಗಿ ಸರಿ, ಆದರೆ ಕೆಲವರು ಒಂದು ಪದರದ ಎಳೆ ಎಣಿಸುತ್ತಾರೆ, ಕೆಲವರು ಮೂರು ಪದರದ್ದೂ ಕೂಡಿಸಿ ಬರೆಯುತ್ತಾರೆ. ಒಂದೇ ಕಂಪನಿಯ ಎರಡು ಟೈರು ಹೋಲಿಸಲು ಅದನ್ನು ಬಳಸಿ. ಕಂಪನಿ ಬೇರೆಯಾದರೆ ಬೆರಳನ್ನೇ ನಂಬಿ.

ದೂರು: ಜಾರುತ್ತದೆ

ಇದಕ್ಕೆ ಉತ್ತರ ಹುಡುಕುವ ಮೊದಲು ಮೂರು ಪ್ರಶ್ನೆ: ಯಾವ ಗಾಲಿ ಜಾರಿತು, ಏನು ಮಾಡುವಾಗ ಜಾರಿತು, ನೆಲದ ಮೇಲೆ ಏನಿತ್ತು.

ಬ್ರೇಕ್ ಹಿಡಿದಾಗ ಹಿಂದಿನ ಗಾಲಿ ಜಾರಿದ್ದರೆ ಅದು ಬಹುತೇಕ ಟೈರಿನ ತಪ್ಪಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಹೋಗಿ ಹಿಂದಿನ ಗಾಲಿ ಹಗುರಾಗುತ್ತದೆ, ಎಂಥ ಟೈರಾದರೂ ಎಳೆಯುತ್ತದೆ. ಏರಿನಲ್ಲಿ ಎದ್ದು ತುಳಿದಾಗ ಹಿಂದಿನದು ಜಾರಿದರೆ ಗಾಳಿ ಹೆಚ್ಚಿದೆ, ಅಥವಾ ನೆಲದಲ್ಲಿ ಪಾಚಿ ಇದೆ. ತಿರುವಿನಲ್ಲಿ ಮುಂದಿನ ಗಾಲಿ ಜಾರಿದರೆ ಮಾತ್ರ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಆ ಟೈರನ್ನು ಪೂರ್ತಿ ಪರೀಕ್ಷಿಸದೆ ಮತ್ತೆ ಘಾಟಿಗೆ ಹೋಗಬೇಡಿ.

ನೆಲದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಅದರದೇ ಪಂಚಾಂಗವಿದೆ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಬೀಳುವ ಕಾಫಿಯ ಹೂಮಳೆ ಬೆಳೆಗಾರರಿಗೆ ಹಬ್ಬ, ಸೈಕಲ್ ಸವಾರರಿಗೆ ವರ್ಷದ ಅತ್ಯಂತ ಅಪಾಯದ ಹೊತ್ತು. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು, ಟೈರಿನ ಪುಡಿ ಮೊದಲ ಹನಿಗೆ ಲೋಳೆಯಾಗುತ್ತದೆ. ಜೋರು ಮಳೆ ಅರ್ಧ ಗಂಟೆ ತೊಳೆದ ಮೇಲೆ ಅದೇ ರಸ್ತೆ ವಾಸಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಯಲ್ಲಿ ತೋಟಗಳ ನಡುವಿನ ನೆರಳಿನ ತಿರುವುಗಳಲ್ಲಿ ಹಸಿರು ಪಾಚಿ ಹಿಡಿದು, ಮಳೆ ನಿಂತು ವಾರಗಳಾದರೂ ಹೋಗುವುದಿಲ್ಲ. ಗಾಲಿಗಳು ಓಡಾಡುವ ಎರಡು ಪಟ್ಟಿ ಬಿಟ್ಟು ನಡುವಿಗೂ ಅಂಚಿಗೂ ಹೋಗಬೇಡಿ. ಸಿಲ್ವರ್ ಓಕ್ ಎಲೆ ಒದ್ದೆಯಾಗಿ ಪದರ ಕಟ್ಟಿದ ಜಾಗಕ್ಕೂ ಇದೇ ಮಾತು. ಡಿಸೆಂಬರ್, ಜನವರಿಯಲ್ಲಿ ಬೇಲೂರು, ಹಳೇಬೀಡು, ಜಾವಗಲ್ ಕಡೆ ರಾಗಿ, ಹುರುಳಿಯನ್ನು ಒಕ್ಕಲು ರಸ್ತೆಗೇ ಹರಡಿರುತ್ತಾರೆ. ಒಣ ಹುಲ್ಲು ಡಾಂಬರಿನ ಮೇಲೆ ತಾನೇ ಜಾರುತ್ತದೆ, ಕೆಳಗಿನ ಕಾಳು ಬೇರಿಂಗ್ ಗುಂಡಿನಂತೆ ಉರುಳುತ್ತದೆ, ಹುರುಳಿ ಬಳ್ಳಿ ಗೇರ್ ಬದಲಿಸುವ ಹಿಂದಿನ ಡಿರೇಲರಿಗೆ ಸುತ್ತಿಕೊಂಡು ಅದನ್ನು ಮುರಿಯಲೂಬಹುದು. ಇಂಥ ಕಡೆ ಯಾವ ಟೈರೂ ಕಾಯುವುದಿಲ್ಲ. ಹುಲ್ಲು ದಪ್ಪವಿದ್ದರೆ ಇಳಿದು ತಳ್ಳಿ.

ನೆಲ ಸರಿಯಿದ್ದೂ ಜಾರಿದ್ದರೆ ಟೈರಿಗೆ ಬನ್ನಿ. ಒದ್ದೆ ರಸ್ತೆಗೆ ಒಣ ಅಂಕಿಗಿಂತ 3ರಿಂದ 5 ಪಿಎಸ್‌ಐ ಇಳಿಸಿ. ಟೈರ್ ಹೊಸದೇ? ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡು ಮೇಲೆ ಉಳಿದಿರಬಹುದು. ಸೋಪಿನ ನೀರಿನಲ್ಲಿ ಒರೆಸಿ, ಮೊದಲ 20–30 ಕಿ.ಮೀ. ನಿಧಾನಕ್ಕೆ ತಿರುಗಿಸಿ. ಹಳೆಯದೇ? ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಗುರುತು ಬೀಳದಷ್ಟು ರಬ್ಬರ್ ಕಲ್ಲಾಗಿದ್ದರೆ, ಮಗ್ಗುಲಲ್ಲಿ ಸಣ್ಣ ಬಿರುಕಿನ ಬಲೆ ಕಂಡರೆ, ಟ್ರೆಡ್ (ನೆಲಕ್ಕೆ ತಾಗುವ ರಬ್ಬರ್ ಪದರ) ಎಷ್ಟೇ ಉಳಿದಿದ್ದರೂ ಅದರ ಕಾಲ ಮುಗಿದಿದೆ. ಟೈರ್ ಹೊಳೆಯಲೆಂದು ಕಾರಿನ ಪಾಲಿಶ್ ಬಳಿಯುವುದು, ಸೀಮೆಎಣ್ಣೆಯಲ್ಲಿ ಒರೆಸುವುದು, ಚೈನಿಗೆ ಸ್ಪ್ರೇ ಹೊಡೆಯುವಾಗ ಹಿಂದಿನ ಟೈರಿಗೂ ಹಾರಿಸುವುದು ಇವೆಲ್ಲ ಜಾರುವುದಕ್ಕೆ ನೇರ ಕಾರಣಗಳು.

ನೀರು ಚೆಲ್ಲಲು ಆಳದ ಗೆರೆಗಳ ಟ್ರೆಡ್ ಬೇಕು ಎನ್ನುವ ನಂಬಿಕೆ ಬಲವಾಗಿದೆ. ಕಾರಿಗೆ ಅದು ನಿಜ. ಸೈಕಲ್ ಟೈರ್ ಕಿರಿದು, ದುಂಡು, ಗಾಳಿ ಹೆಚ್ಚು; ನೀರನ್ನು ತಾನೇ ಸೀಳಿಕೊಂಡು ಹೋಗುತ್ತದೆ. ವಿಮಾನದ ಟೈರಿಗೆಂದು ಕಟ್ಟಿದ ಲೆಕ್ಕವನ್ನು ಅನ್ವಯಿಸಿದರೆ, 70 ಪಿಎಸ್‌ಐ ಟೈರ್ ನೀರಿನ ಮೇಲೆ ತೇಲಲು ಗಂಟೆಗೆ 130 ಕಿ.ಮೀ.ಗೂ ಹೆಚ್ಚು ವೇಗ ಬೇಕು. ಡಾಂಬರಿನ ಮೇಲೆ ಹಿಡಿತ ಕೊಡುವುದು ರಬ್ಬರಿನ ಗುಣ ಮತ್ತು ಸರಿಯಾದ ಗಾಳಿ. ನುಣ್ಣನೆಯ ಟೈರನ್ನು ಮಳೆಗೆ ಹೆದರಿ ತೆಗೆದಿಡಬೇಡಿ. ಗೆರೆಗಳಿಂದ ಉಪಯೋಗವಾಗುವುದು ಮಣ್ಣಿಗೆ ಇಳಿದಾಗ.

ದೂರು: ಓಡುವುದಿಲ್ಲ

ಮೊದಲು ಗಾಲಿ ಎತ್ತಿ ತಿರುಗಿಸಿ. ಬ್ರೇಕ್ ಪ್ಯಾಡ್ ತಾಗುತ್ತಿದೆಯೇ, ಗಾಲಿಯ ನಡುವಿನ ಹಬ್ಬಿನಲ್ಲಿ ಗರಗರ ಇದೆಯೇ, ಟೈರ್ ಎಲ್ಲಾದರೂ ಉಬ್ಬಿ ಫ್ರೇಮಿಗೆ ಸವರುತ್ತಿದೆಯೇ ನೋಡಿ. ಟೈರಿನ ಮೇಲೆ ಹೊರಿಸಿದ ಎಷ್ಟೋ ಆರೋಪ ಡಿಸ್ಕ್ ಬ್ರೇಕಿನ ಸಣ್ಣ ಸವರಾಟದಲ್ಲಿ ಬಗೆಹರಿಯುತ್ತದೆ.

ಅದೆಲ್ಲ ಸರಿಯಿದ್ದರೆ ಉರುಳು ಪರೀಕ್ಷೆ ಮಾಡಿ. ಬೆಳಿಗ್ಗೆ ಗಾಳಿ ಬೀಸುವ ಮೊದಲು, ವಾಹನವಿಲ್ಲದ, ಸಣ್ಣ ಇಳಿಜಾರು ಮುಗಿದು ಮಟ್ಟವಾಗುವ ರಸ್ತೆ ಆರಿಸಿ. ಒಂದು ಗುರುತಿನಿಂದ ನಿಂತು ಹೊರಟು, ತುಳಿಯದೆ, ಒಂದೇ ಭಂಗಿಯಲ್ಲಿ ಉರುಳಿ ನಿಂತ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಮೂರು ಸಲ. ಗಾಳಿಯನ್ನು 10 ಪಿಎಸ್‌ಐ ಇಳಿಸಿ ಮತ್ತೆ ಮೂರು ಸಲ. ಗುಳಿಬಿದ್ದ ಒರಟು ಡಾಂಬರಿನಲ್ಲಿ ಗಾಳಿ ಇಳಿಸಿದ ಗಾಲಿಯೇ ಮುಂದೆ ಹೋಗುವುದನ್ನು ಕಂಡು ಅನೇಕರಿಗೆ ಅಚ್ಚರಿಯಾಗುತ್ತದೆ. ಗಟ್ಟಿ ಟೈರ್ ಪ್ರತಿ ಉಬ್ಬಿಗೂ ಸೈಕಲನ್ನೂ ಸವಾರನನ್ನೂ ಮೇಲೆತ್ತುತ್ತದೆ; ಆ ಎತ್ತುವ ಶಕ್ತಿ ನಿಮ್ಮ ಕಾಲಿನಿಂದಲೇ ಹೋಗುತ್ತದೆ, ಮೈಯೊಳಗೆ ನಡುಕವಾಗಿ ಕರಗುತ್ತದೆ. ಮೆತ್ತನೆಯ ಟೈರ್ ಉಬ್ಬನ್ನು ತಾನು ನುಂಗಿ ಮುಂದಕ್ಕೆ ಉರುಳುತ್ತದೆ.

ಟೈರಿನ ಜಾತಿಯಿಂದ ಆಗುವ ವ್ಯತ್ಯಾಸ ಎಷ್ಟು? ಉರುಳು ಪ್ರತಿರೋಧದ ಅಂಕಿ ಚುರುಕಾದ ಟೈರಿಗೆ 0.004, ದಪ್ಪ ಪಂಚರ್ ತಡೆ ಪಟ್ಟಿಯ ಟೈರಿಗೆ 0.006 ಎಂದುಕೊಳ್ಳಿ. 85 ಕೆ.ಜಿ. ಒಟ್ಟು ತೂಕಕ್ಕೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಮೊದಲನೆಯದು ಸುಮಾರು 28 ವ್ಯಾಟ್ ತಿನ್ನುತ್ತದೆ, ಎರಡನೆಯದು 42. ಕಡೂರು ರಸ್ತೆಯಲ್ಲಿ ಈ 14 ವ್ಯಾಟ್ ಕಾಲಿಗೆ ತಿಳಿಯುತ್ತದೆ. ಕೈಮರದಿಂದ ಮೇಲೆ ಗಂಟೆಗೆ 12 ಕಿ.ಮೀ.ಯಲ್ಲಿ ಹತ್ತುವಾಗ ವ್ಯತ್ಯಾಸ 6 ವ್ಯಾಟಿಗೂ ಕಡಿಮೆ, ಆದರೆ ನೂರಕ್ಕೆ ಎಂಟರ ಏರನ್ನು ಹತ್ತಲಿಕ್ಕೇ 220 ವ್ಯಾಟ್ ಬೇಕು. ಬೆಟ್ಟಕ್ಕೆಂದು ತೆಳು ಟೈರ್ ಕೊಳ್ಳುವುದರಲ್ಲಿ ಹುರುಳಿಲ್ಲ. ಎರಡೂ ಟೈರು ಸೇರಿ 200 ಗ್ರಾಂ ಉಳಿಸಿದರೂ ಒಂದು ಗಂಟೆಯ ಏರಿನಲ್ಲಿ ಎಂಟು ಸೆಕೆಂಡು ಉಳಿದೀತು. ಆ ದುಡ್ಡಿಗೆ ಹಿಂದಿನ ಗಾಲಿಗೆ ಹೆಚ್ಚು ಹಲ್ಲಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಹಾಕಿಸಿ.

ದೂರು: ಪದೇಪದೇ ಪಂಚರ್

ಟ್ಯೂಬ್ ಬದಲಿಸಿ ಹೊರಟುಬಿಡುವವರಿಗೆ ಮತ್ತೆ ಪಂಚರ್ ಆಗುತ್ತದೆ. ತೂತು ಸಾಕ್ಷಿಯಿದ್ದಂತೆ, ಅದನ್ನು ಓದದೆ ಎಸೆಯಬಾರದು. ಇದಕ್ಕೊಂದು ಪೂರ್ವಸಿದ್ಧತೆ ಬೇಕು: ಟೈರ್ ಹಾಕುವಾಗ ಅದರ ಹೆಸರಿನ ಅಚ್ಚು ಯಾವತ್ತೂ ವಾಲ್ವಿನ ನೇರಕ್ಕೆ ಬರುವಂತೆ ಹಾಕಿ. ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎಷ್ಟು ದೂರವೋ ಟೈರಿನಲ್ಲಿ ಮುಳ್ಳು ಅಚ್ಚಿನಿಂದ ಅಷ್ಟೇ ದೂರ.

ಟ್ಯೂಬಿಗೆ ಎರಡರಷ್ಟು ಉಬ್ಬುವಂತೆ ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಅದ್ದಿ. ಈಗ ತೂತು ಎಲ್ಲಿದೆ, ಹೇಗಿದೆ ನೋಡಿ.

ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದಂತೆ: ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿದೆ. ಗಾಳಿ ಕಡಿಮೆಯಿತ್ತು, ಇಲ್ಲವೇ ಈ ರಸ್ತೆಗೆ ಟೈರ್ ಕಿರಿದು. ಬ್ಯುಟೈಲ್ ಟ್ಯೂಬೂ, ಅಂದರೆ ಮಾಮೂಲು ಕಪ್ಪು ರಬ್ಬರಿನದೂ, ವಾರದಲ್ಲಿ ಹಲವು ಪಿಎಸ್‌ಐ ಕಳೆದುಕೊಳ್ಳುತ್ತದೆ, ಹೋದ ಭಾನುವಾರದ ಗಾಳಿಯನ್ನು ಈ ಭಾನುವಾರಕ್ಕೆ ನಂಬಬೇಡಿ. ಲೇಟೆಕ್ಸ್ ಟ್ಯೂಬಿಗಂತೂ ದಿನಾ ಬೆಳಿಗ್ಗೆ ಪಂಪ್ ಬೇಕು.

ಟ್ರೆಡ್ ಕಡೆ ಒಂದೇ ಸಣ್ಣ ತೂತು: ಮುಳ್ಳು, ಗಾಜು, ತಂತಿ. ಜಾಲಿ ಮುಳ್ಳು ಚುಚ್ಚಿ ತುದಿ ಮುರಿದು ಟೈರಿನೊಳಗೇ ಉಳಿಯುತ್ತದೆ, ಹೊರಗಿನಿಂದ ಕಪ್ಪು ಚುಕ್ಕೆಯಷ್ಟೇ ಕಾಣುತ್ತದೆ. ಹೆದ್ದಾರಿಯಲ್ಲಿ ಸಿಡಿದ ಲಾರಿ ಟೈರುಗಳ ಉಕ್ಕಿನ ಎಳೆ ಇನ್ನೂ ಕೆಟ್ಟದು, ಕೂದಲಿನಷ್ಟು ತೆಳು, ಅರ್ಧ ಸೆಂಟಿಮೀಟರ್ ಉದ್ದ. ಬೆರಳಾಡಿಸಿ ಹುಡುಕಿದರೆ ಬೆರಳಿಗೆ ಚುಚ್ಚುತ್ತದೆ. ಹತ್ತಿಯ ಉಂಡೆಯನ್ನು ಟೈರಿನ ಒಳಗೆ ಸುತ್ತ ಸವರಿ, ಎಳೆ ಇರುವ ಜಾಗದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಚಿಕ್ಕ ಇಕ್ಕಳದಿಂದ ಒಳಗಡೆಯಿಂದಲೇ ಎಳೆದು ತೆಗೆಯಿರಿ.

ರಿಮ್ ಕಡೆ ತೂತು: ಮುಳ್ಳು ಹುಡುಕಿ ಹೊತ್ತು ಕಳೆಯಬೇಡಿ. ರಿಮ್ ಟೇಪ್ ಸರಿದು ಕಡ್ಡಿಯ ತೂತಿನ ಅಂಚು ಟ್ಯೂಬನ್ನು ಕೊಯ್ಯುತ್ತಿದೆ. ರಬ್ಬರಿನ ಅಗ್ಗದ ಟೇಪ್ ಬಿಸಿಲಿಗೆ ಹಿಗ್ಗಿ ಸರಿಯುತ್ತದೆ. ರಿಮ್ಮಿನ ಒಳ ಅಗಲವನ್ನು ಗೋಡೆಯಿಂದ ಗೋಡೆಗೆ ಮುಚ್ಚುವ ಬಟ್ಟೆಯ ಅಥವಾ ಟ್ಯೂಬ್‌ಲೆಸ್ ಟೇಪ್ ಹಾಕಿ.

ವಾಲ್ವಿನ ಬುಡದಲ್ಲಿ ಹರಿದಿದ್ದರೆ ಪಂಪ್ ಎಳೆದಾಡಿದ್ದರಿಂದ, ಇಲ್ಲವೇ ಕಾರು, ಬೈಕಿಗಿರುವಂಥ ದಪ್ಪ ಶ್ರೇಡರ್ ವಾಲ್ವಿನ 8.5 ಮಿ.ಮೀ. ತೂತಿನ ರಿಮ್ಮಿಗೆ ಕಿರಿದಾದ ಪ್ರೆಸ್ಟಾ ಟ್ಯೂಬ್ ಹಾಕಿದ್ದರಿಂದ. ಇದಕ್ಕೆ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬ್ ಬದಲಿಸಿ. ತೂತೇ ಕಾಣದಿದ್ದರೆ ವಾಲ್ವಿನ ತುದಿಯನ್ನೇ ನೀರಿಗೆ ಹಿಡಿದು ನೋಡಿ: ಕೋರ್ ಸಡಿಲವಾಗಿರಬಹುದು.

ಉದ್ದಕ್ಕೆ ಸೀಳಿ "ಢಂ" ಎಂದಿದ್ದರೆ ಟೈರ್ ರಿಮ್ಮಿನಿಂದ ಎದ್ದಿದೆ, ಅಥವಾ ಹಾಕುವಾಗ ಬೀಡಿನ ಕೆಳಗೆ ಟ್ಯೂಬ್ ಸಿಕ್ಕಿತ್ತು. ಲಿವರ್ ಇಲ್ಲದೆ ಕೈಯಲ್ಲೇ ಹಾಕುವುದು, ಕೊನೆಯ ಭಾಗ ವಾಲ್ವಿನ ಬಳಿ ಮುಗಿಸುವುದು, ಗಾಳಿ ತುಂಬುವ ಮೊದಲು ಸುತ್ತಲೂ ಟೈರನ್ನು ಅಗಲಿಸಿ ಟ್ಯೂಬ್ ಇಣುಕುತ್ತಿಲ್ಲವೆಂದು ನೋಡುವುದು, ಇಷ್ಟು ಮಾಡಿದರೆ ಇದು ಆಗುವುದಿಲ್ಲ.

ಪ್ಯಾಚ್ ನಿಲ್ಲುವುದಿಲ್ಲ ಎನ್ನುವವರು ಅವಸರ ಮಾಡುತ್ತಿದ್ದಾರೆ. ತೂತಿನ ಸುತ್ತ ಪ್ಯಾಚಿಗಿಂತ ದೊಡ್ಡ ಜಾಗವನ್ನು ಮರಳು ಕಾಗದದಿಂದ ಹೊಳಪು ಹೋಗುವಂತೆ ಉಜ್ಜಿ, ಅಚ್ಚಿನ ಗೆರೆ ಇದ್ದರೆ ಅದನ್ನೂ ಸಮ ಮಾಡಿ. ಸೊಲ್ಯೂಷನ್ ತೆಳ್ಳಗೆ ಸವರಿ, ಐದು ನಿಮಿಷ ಬಿಡಿ, ಅಂಟು ಒಣಗಿ ಮಂಕಾಗಬೇಕು. ಆಮೇಲೆ ಪ್ಯಾಚ್ ಇಟ್ಟು ನಡುವಿನಿಂದ ಅಂಚಿಗೆ ಒತ್ತಿ. ಹಸಿ ಅಂಟಿನ ಮೇಲೆ ಇಟ್ಟ ಪ್ಯಾಚ್ ಏಳುತ್ತದೆ. ಮಳೆಯಲ್ಲಿ ರಸ್ತೆಬದಿ ಇದು ಆಗದ ಕೆಲಸ. ಕೊಟ್ಟಿಗೆಹಾರದ ಕಡೆ ಹೋಗುವವರು ಎರಡು ಟ್ಯೂಬ್ ಒಯ್ದು, ಪ್ಯಾಚನ್ನು ಮನೆಯಲ್ಲಿ ಹಾಕಿಕೊಳ್ಳಲಿ. ಟೈರೇ ಕೊಯ್ದಿದ್ದರೆ ಹಾಲಿನ ಪ್ಯಾಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಸೀಳಿನ ಒಳಗಡೆ ಇಟ್ಟು, ಕಡಿಮೆ ಗಾಳಿಯಲ್ಲಿ ಮನೆ ಸೇರಬಹುದು. ಅದರ ಮೇಲೆ ಘಾಟಿ ಇಳಿಯಬೇಡಿ.

ಕಡೂರು, ಅರಸೀಕೆರೆ, ಜಾವಗಲ್ ಕಡೆಯೇ ಹೆಚ್ಚು ಓಡಿಸುವವರಿಗೆ ಜಾಲಿ ಮುಳ್ಳಿನ ನಿಜವಾದ ಮದ್ದು ಟ್ಯೂಬ್‌ಲೆಸ್. 28ರಿಂದ 32ರ ಟೈರಿಗೆ ತಲಾ 30ರಿಂದ 45 ಮಿ.ಲೀ. ಸೀಲಂಟ್, ಅಂದರೆ ತೂತು ಮುಚ್ಚುವ ದ್ರವ, ಸಾಕು. ಮುಳ್ಳು ಕಂಡರೆ ಕಿತ್ತು, ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ ಒಂದು ನಿಮಿಷ ಕಾಯಿರಿ. ಸೀಲಂಟ್ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ವಾಲ್ವ್ ಕೋರ್ ಬಿಚ್ಚಿ ತೆಳು ಕಡ್ಡಿ ಇಳಿಸಿ ನೋಡಿ, ತುದಿ ಒದ್ದೆಯಾಗದಿದ್ದರೆ ಮತ್ತೆ ಹಾಕಿ. ತಿಂಗಳಿಗೆರಡು ದಿನ ಸೈಕಲ್ ಮುಟ್ಟುವವರಿಗೆ ಈ ಉಪಚಾರ ಹೊರೆ. ಅವರಿಗೆ ತಡೆಪಟ್ಟಿಯ ಟೈರ್ ಮತ್ತು ಮಾಮೂಲು ಟ್ಯೂಬೇ ಸರಿ.

ಘಾಟಿ ಇಳಿಯುವಾಗಿನ ದೋಷಗಳು

ಚಾರ್ಮಾಡಿ, ಶಿರಾಡಿ, ಮುಳ್ಳಯ್ಯನಗಿರಿ ಇಳಿತಗಳಲ್ಲಿ ಹ್ಯಾಂಡಲ್ ಅದುರಿದರೆ ಎರಡೂ ಮೊಣಕಾಲಿನಿಂದ ಫ್ರೇಮಿನ ಮೇಲಿನ ಕೊಳವೆಯನ್ನು ಒತ್ತಿ ಹಿಡಿದು, ಹ್ಯಾಂಡಲ್ ಬಿಗಿ ಹಿಡಿತ ಸಡಿಲಿಸಿ, ಮೆಲ್ಲಗೆ ವೇಗ ಇಳಿಸಿ ನಿಲ್ಲಿ. ಆಮೇಲೆ ಮುಂದಿನ ಟೈರ್ ನೋಡಿ. ರಿಮ್ಮಿನ ಪಕ್ಕ ಟೈರಿನಲ್ಲಿ ಸುತ್ತಲೂ ಒಂದು ಅಚ್ಚಿನ ಗೆರೆಯಿರುತ್ತದೆ. ಅದು ಎಲ್ಲ ಕಡೆ ರಿಮ್ಮಿನಿಂದ ಸಮ ದೂರದಲ್ಲಿರಬೇಕು. ಒಂದು ಕಡೆ ಮುಳುಗಿದ್ದರೆ ಬೀಡ್ ಕೂತಿಲ್ಲ: ಗಾಳಿ ತೆಗೆದು, ಅಲ್ಲಿಗೆ ಸೋಪಿನ ನೀರು ಸವರಿ, ಟೈರ್ ಮತ್ತು ರಿಮ್ ಎರಡರಲ್ಲಿ ಕಡಿಮೆಯಿರುವ ಮಿತಿಯೊಳಗೆ ಗಾಳಿ ತುಂಬಿ ಕೂರಿಸಿ, ಮತ್ತೆ ನಿಮ್ಮ ಅಂಕಿಗೆ ಇಳಿಸಿ. ಗೆರೆ ಸರಿಯಿದ್ದರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಹಬ್ಬಿನ ಸಡಿಲ ನೋಡಿ.

ರಿಮ್ ಬ್ರೇಕಿನವರು ಇಳಿತದುದ್ದಕ್ಕೂ ಬ್ರೇಕ್ ಎಳೆದೇ ಇಟ್ಟರೆ ರಿಮ್ ಕಾದು, ಒಳಗಿನ ಗಾಳಿ ಹಿಗ್ಗಿ, ಪ್ಯಾಚಿನ ಅಂಟು ಮೆತ್ತಗಾಗಿ ಸಿಡಿಯುತ್ತದೆ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ನಡುವೆ ಪೂರ್ತಿ ಬಿಡಿ, ರಿಮ್ಮಿಗೆ ಗಾಳಿಯಾಡಲಿ. ಲೇಟೆಕ್ಸ್ ಮತ್ತು ಟಿಪಿಯು ಎಂಬ ತೆಳು ಪ್ಲಾಸ್ಟಿಕ್ಕಿನ ಟ್ಯೂಬುಗಳು ಕಾವು ತಡೆಯುವುದು ಕಡಿಮೆ. ರಿಮ್ ಬ್ರೇಕಿನಲ್ಲಿ ಘಾಟಿ ಇಳಿಯುವವರಿಗೆ ಬ್ಯುಟೈಲೇ ಇರಲಿ.

ಕೊಳ್ಳಲೇಬೇಕಾದಾಗ

ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿ ಚೌಕ ಹೊಡೆದಿದ್ದರೆ, ಸವೆತದ ಗುರುತಿನ ಚಿಕ್ಕ ಗುಳಿಗಳು ಮಾಯವಾಗಿದ್ದರೆ, ಬಟ್ಟೆಯ ಎಳೆ ಕಂಡಿದ್ದರೆ, ಮಗ್ಗುಲಲ್ಲಿ ಗುಳ್ಳೆ ಎದ್ದಿದ್ದರೆ ಅದಕ್ಕೆ ದೋಷ ನಿವಾರಣೆ ಇಲ್ಲ, ಹೊಸದೇ ಬೇಕು. ಮುಂದಿನದು ಇನ್ನೂ ಚೆನ್ನಾಗಿದ್ದರೂ ಹೊಸ ಟೈರನ್ನು ಮುಂದಕ್ಕೇ ಹಾಕಿ, ಮುಂದಿನದನ್ನು ಹಿಂದಕ್ಕೆ ತನ್ನಿ. ಹಿಂದಿನದು ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ಬಿದ್ದಂತೆಯೇ.

ಈ ಸೀಮೆಗೆ ಜಾಗ ಹಿಡಿಸುವುದಾದರೆ 30 ಅಥವಾ 32, ಇಲ್ಲವಾದರೆ 28. ಹಾಸನ, ಬೇಲೂರು, ಕಡೂರಿನ ಒಳ್ಳೆಯ ರಸ್ತೆಗಳಲ್ಲೇ ವೇಗವಾಗಿ ಓಡಿಸುವವರು ಕಾಂಟಿನೆಂಟಲ್ ಗ್ರ್ಯಾಂಡ್ ಪ್ರಿ 5000ದಂಥ ಚುರುಕು ಟೈರನ್ನು 28ರಲ್ಲಿ ಹಾಕಬಹುದು. ತೋಟದ ಒಳದಾರಿಗಳೇ ಹೆಚ್ಚಿರುವವರು ಮಗ್ಗುಲಿಗೂ ರಕ್ಷಣೆಯಿರುವ 32 ನೋಡಲಿ, ಏಕೆಂದರೆ ಅಲ್ಲಿ ಚೂಪು ಜಲ್ಲಿ ಕೊಯ್ಯುವುದು ಟ್ರೆಡ್ಡನ್ನಲ್ಲ, ಮಗ್ಗುಲನ್ನು. ಟ್ರೆಡ್ಡಿನ ಕೆಳಗೆ ಮಾತ್ರ ಪಟ್ಟಿಯಿರುವ ಟೈರನ್ನು "ಪಂಚರ್ ಪ್ರೂಫ್" ಎಂದು ಮಾರುತ್ತಾರೆ, ಮಗ್ಗುಲು ಮುಟ್ಟಿ ನೋಡದೆ ಒಪ್ಪಬೇಡಿ.

ಟೈರಿನ ಮಗ್ಗುಲಲ್ಲಿರುವ ಬಾಣದ ಗುರುತು ಗಾಲಿ ತಿರುಗುವ ದಿಕ್ಕಿಗಿರಲಿ. ಹಾಕಿದ ರಾತ್ರಿ ನಿಮ್ಮ ಅಂಕಿಗೆ ಗಾಳಿ ತುಂಬಿ, ಬೆಳಿಗ್ಗೆ ಗೇಜ್ ನೋಡಿ. ಬ್ಯುಟೈಲ್ ಟ್ಯೂಬಿನಲ್ಲಿ ಎರಡು ಮೂರು ಪಿಎಸ್‌ಐ ಇಳಿದಿದ್ದರೆ ಸಹಜ. ಪಂಪ್ ಸಿಕ್ಕಿಸುವಾಗಲೇ ಕೊಂಚ ಗಾಳಿ ಅದರ ಕೊಳವೆಗೆ ಹೋಗುತ್ತದೆ. ಹತ್ತಕ್ಕಿಂತ ಹೆಚ್ಚು ಇಳಿದಿದ್ದರೆ ಹೊರಡಬೇಡಿ, ಬಕೆಟ್ ನೀರು ತನ್ನಿ.